ಕಲ್ಲು ಅಂತ ಹೇಳಿದ್ದೆ

ಆಗಸ್ಟ್ 12, ಸೋಮವಾರ

ಬೆಳಿಗ್ಗೆ ಎದ್ದಾಗ ಎರಡು ಸಲ. ಹನ್ನೊಂದರೊಳಗೆ ಮತ್ತೆ ಮೂರು. ಧಾರೆ ಸಣ್ಣ. ಉರಿ ಇಲ್ಲ.

ಇಷ್ಟು ಬರೆದಿಟ್ಟರೆ ಸಾಕು ಎಂದಿದ್ದಾರೆ ಡಾಕ್ಟರ್ ಲಮೀಸ್. ಐವತ್ತೊಂಬತ್ತನೇ ವಯಸ್ಸಿಗೆ ಉಚ್ಚೆಯ ದಿನಚರಿ ಬರೆಯುವ ಯೋಗ! ಆದರೆ ಪೆನ್ನು ಹಿಡಿದರೆ ಕೈ ಅಷ್ಟಕ್ಕೇ ನಿಲ್ಲುತ್ತಿಲ್ಲ. ಇರಲಿ. ಡಾಕ್ಟರಿಗೆ ತೋರಿಸುವ ಹಾಳೆ ಬೇರೆ ಬರೆದರಾಯಿತು.

ಇವತ್ತಿನ ಮೊದಲ ಪಾಠ ಒಬ್ಬ ಮೇಷ್ಟರ ಹೆಂಡತಿಗೆ. ಏಳನೇ ಸರ್ಕಲ್‌ನ ನಡುಮಧ್ಯೆ ಇಂಜಿನ್ ಆಫ್ ಮಾಡಿಕೊಂಡು ಅಳಲು ಕೂತಳು. ಹಿಂದೆ ಇಡೀ ಅಮ್ಮಾನ್ ಹಾರ್ನ್ ಹೊಡೆಯುತ್ತಿದೆ. ಪಕ್ಕದ ಸೀಟಿನಲ್ಲಿ ನನಗೆ ಅರ್ಜೆಂಟು. ಇಬ್ಬರೂ ಅಳುವ ಸ್ಥಿತಿ. ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದ್ದೇನೆ, ಇಂಥ ಪಾಡು ಕಂಡಿರಲಿಲ್ಲ.

ಭಾನುವಾರಕ್ಕೆ ಆಸ್ಪತ್ರೆಯಲ್ಲಿ ಡೇಟ್ ಕೊಟ್ಟಿದ್ದಾರೆ. ಹೆಂಡತಿ ಇನ್ಸಾಫ್‌ಗೆ ಇವತ್ತು ಹೇಳಬೇಕು.

ಅದೇ ದಿನ, ಊಟದ ಮೇಲೆ

ಹೇಳಿದೆ. ಕಲ್ಲು ಅಂತ.

"ಕಿಡ್ನಿಯಲ್ಲಾ?"

"ಹೂಂ. ಸಣ್ಣದು. ಶಬ್ದದ ಮಶೀನ್‌ನಲ್ಲಿ ಒಡೀತಾರೆ. ಒಂದು ದಿನದ ಕೆಲಸ."

"ಫವ್ವಾಝ್‌ಗೂ ಹಂಗೇ ಒಡೆದಿದ್ರು. ಮೂರನೇ ದಿನಕ್ಕೆ ಮದುವೆ ಮನೇಲಿ ಕುಣೀತಿದ್ದ." ಫವ್ವಾಝ್ ಎಂದರೆ ಅವಳ ತಮ್ಮ. "ನಾನೂ ಬರ್ತೀನಿ ಆಸ್ಪತ್ರೆಗೆ."

"ಬೇಡ. ಗಂಡಸರ ವಾರ್ಡು. ಜಿರೈಸ್ ಬರ್ತಾನೆ."

ಶಬ್ದದ ಮಶೀನ್ ಎಂಬುದು ನಿಜ. ಕಲ್ಲು ಎಂಬುದು ಸುಳ್ಳು. ನಮ್ಮ ಮನೆಗಳಲ್ಲಿ ಯಾರೂ ಕ್ಯಾನ್ಸರ್ ಎನ್ನುವುದಿಲ್ಲ. ‘ಆ ಕಾಯಿಲೆ’ ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ನನಗೆ ಅದನ್ನೂ ಹೇಳಲಾಗಲಿಲ್ಲ.

ಇವಳ ಮೊದಲ ಗಂಡ ಲಿವರ್ ಕೆಟ್ಟು ನಾಲ್ಕು ವರ್ಷ ಮಲಗಿದ್ದ. ಉಣಿಸಿದಳು, ತೊಳೆದಳು, ಮಣ್ಣು ಮಾಡಿ ಬಂದಳು. ಎರಡು ವರ್ಷದ ಹಿಂದೆ ನನ್ನ ಮನೆಗೆ ಬಂದಾಗ, ‘ಇನ್ನು ಮೇಲೆ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ, ಹತ್ತಿಸಿದ್ರೆ ನೋಡಿ’ ಎಂದು ನಕ್ಕಿದ್ದಳು. ಆ ನಗುವಿಗೆ ಏನೆಂದು ಹೇಳಲಿ? ಇನ್ನೂ ಒಂದಿದೆ. ಆ ಮನುಷ್ಯನನ್ನು ನೋಡಿದ ಕಣ್ಣಿನಲ್ಲಿ ನನ್ನನ್ನು ನೋಡುವುದು ಬೇಡ. ಅಷ್ಟೆ.

ಆಗಸ್ಟ್ 14, ಬುಧವಾರ

ಜಿರೈಸ್ ಜೊತೆ ಡಾಕ್ಟರ ಬಳಿ ಹೋಗಿದ್ದೆ. ಅವನು ಮಾದಬಾದವನು, ನಮ್ಮ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಮಿಲಿಟರಿ ದಿನಗಳ ಸ್ನೇಹ. ಅವನಿಗೆ ಮಾತ್ರ ಗೊತ್ತು.

ಡಾಕ್ಟರ್ ಲಮೀಸ್ ನನ್ನ ಮಗ ವದ್ದಾಹ್‌ನ ವಯಸ್ಸಿನವರು. ಊರಿಗೆಲ್ಲ ನಾನು ಅಬು ವದ್ದಾಹ್, ಅಂದರೆ ವದ್ದಾಹ್‌ನ ಅಪ್ಪ; ಇವರು ಮಾತ್ರ ‘ಚಿಕ್ಕಪ್ಪಾ’ ಎನ್ನುತ್ತಾರೆ. ಗಂಡಸಿನ ಈ ಜಾಗದ ಬಗ್ಗೆ ಹುಡುಗಿಯೊಬ್ಬಳು, ಸಹಿಗೆ ಮೊದಲು ಇನ್ನೊಮ್ಮೆ ಎಲ್ಲ ಹೇಳುತ್ತೇನೆಂದು, ಚಿತ್ರ ಬರೆದು ತೋರಿಸುವಾಗ ಎಲ್ಲಿ ನೋಡಬೇಕೋ ತಿಳಿಯದೆ ಫ್ಯಾನ್ ನೋಡಿದೆ.

"ಪ್ರಾಸ್ಟೇಟ್‌ನ ಬಲಗಡೆ ಮಾತ್ರ ಇದೆ ಚಿಕ್ಕಪ್ಪಾ. ಪೂರ್ತಿ ಕೊಯ್ದು ತೆಗೀಬಹುದು. ರೇಡಿಯೇಶನ್ ಕೊಡಬಹುದು. ಇಲ್ಲಾ, ಈ ಶಬ್ದದ ಅಲೆ. ಕಿವಿಗೆ ಕೇಳ್ಸಲ್ಲ. ನೂರಾರು ಅಲೆ ಬೇರೆ ಬೇರೆ ದಾರಿಯಿಂದ ಬಂದು ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ ಸೇರ್ತವೆ. ಸೇರಿದ ಕಡೆ ಮಾತ್ರ ಸುಡುತ್ತೆ. ಹಿಂಗೇ ಕಾಳು ಕಾಳಾಗಿ ಬಲಗಡೆ ಪೂರ್ತಿ ಸುಡ್ತೀವಿ. ಕತ್ತಿ ಇಲ್ಲ, ಹೊಲಿಗೆ ಇಲ್ಲ. ಪಕ್ಕದ ನರ ಉಳಿಯೋ ಸಾಧ್ಯತೆ ಜಾಸ್ತಿ."

"ನರ ಉಳಿದ್ರೆ?"

"ಮನೆಯವರ ಜೊತೆ ಮೊದಲಿನ ಹಾಗೇ ಇರಬಹುದು. ಒಂದಷ್ಟು ತಿಂಗಳು ಹಿಡಿಯುತ್ತೆ. ಅವರನ್ನೂ ಕರ್ಕೊಂಡು ಬನ್ನಿ, ಇಬ್ಬರಿಗೂ ಹೇಳ್ತೀನಿ."

"ಅವಳಿಗೆ ಎಲ್ಲಾ ಗೊತ್ತು" ಎಂದೆ. ಜಿರೈಸ್ ಮೇಜಿನ ಕೆಳಗೆ ಕಾಲು ತುಳಿದ.

ಹೊರಗೆ ಬಂದ ಮೇಲೆ ಬೈದ. "ಕತ್ತೆ. ಯಾರಿಗೋಸ್ಕರ ಈ ಮಶೀನ್ ಆರಿಸ್ಕೊಂಡೆ ನೀನು? ಅವಳಿಗೋಸ್ಕರ ತಾನೆ? ಅವಳಿಗೇ ಹೇಳಲ್ವಾ?"

ಫಲಾಫಲ್ ಕೊಡಿಸಿ ಬಾಯಿ ಮುಚ್ಚಿಸಿದೆ.

ಆಗಸ್ಟ್ 19, ಸೋಮವಾರ

ಆಯಿತು. ನಿನ್ನೆ ಎರಡು ಗಂಟೆ ಮಶೀನ್ ಕೆಳಗೆ ಇದ್ದೆನಂತೆ. ಕೆಳಗೋ ಮೇಲೋ. ಹಿಂಬದಿಯಿಂದ ಏನೋ ತೂರಿಸುತ್ತಾರೆ, ಪುಣ್ಯಕ್ಕೆ ಎಚ್ಚರ ಇರಲಿಲ್ಲ. ಮೈಮೇಲೆ ಒಂದು ಗೀರು ಇಲ್ಲ. ಕನ್ನಡಿಯಲ್ಲಿ ಹುಡುಕಿ ನೋಡಿದೆ. ಟ್ಯೂಬು ಮಾತ್ರ ಹಾಕಿದ್ದಾರೆ, ತೊಡೆಗೆ ಕಟ್ಟಿದ ಚೀಲಕ್ಕೆ ಹೋಗುತ್ತದೆ. ಒಂದು ವಾರ.

ಮೂರು ತಿಂಗಳಾದ ಮೇಲೆ ರಕ್ತ, ಸ್ಕ್ಯಾನು. ಆಮೇಲೆ ಗೊತ್ತಾಗುತ್ತದೆ ಹೋಯಿತೋ ಇಲ್ಲವೋ.

ಇನ್ಸಾಫ್ ಸೂಪು ಮಾಡಿಟ್ಟಿದ್ದಳು. "ಕಲ್ಲು ತಂದ್ರಾ? ಫವ್ವಾಝ್ ಶೀಶೆಯಲ್ಲಿ ಹಾಕ್ಕೊಂಡು ಬಂದು ಎಲ್ಲರಿಗೂ ತೋರಿಸಿದ್ದ."

"ಪುಡಿಯಾಗಿ ಹೋಯ್ತು" ಎಂದೆ.

ಆಗಸ್ಟ್ 23, ಶುಕ್ರವಾರ

ಚೀಲದ ನೀರು ರೋಜಾ ಬಣ್ಣ. ಉದ್ದ ಅಂಗಿ ಹಾಕಿಕೊಂಡು ಓಡಾಡುತ್ತಿದ್ದೇನೆ. ಮಲಗುವುದು ಹಾಲ್‌ನ ಸೋಫಾದಲ್ಲಿ. ‘ಬೆನ್ನು ನೋವು, ಮೆತ್ತಗಿನ ಹಾಸಿಗೆ ಆಗಲ್ಲ’ ಎಂದಿದ್ದೇನೆ. ಸೋಫಾ ಹಾಸಿಗೆಗಿಂತ ಮೆತ್ತಗಿದೆ. ಅವಳು ಸೋಫಾ ಒತ್ತಿ ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋದಳು.

ಬಾತ್‌ರೂಮ್ ಬಾಗಿಲಿಗೆ ಚಿಲಕ ಹಾಕುವುದು ಈ ಮನೆಯಲ್ಲಿ ಇದೇ ಮೊದಲು.

ಆಗಸ್ಟ್ 26, ಸೋಮವಾರ

ಟ್ಯೂಬು ತೆಗೆದರು. ಕೆಮ್ಮಿದರೆ ಸೋರುತ್ತದೆ. ಒಳಗೆ ಪ್ಯಾಡ್ ಇಟ್ಟುಕೊಳ್ಳಬೇಕು. ಜಿರೈಸ್ ಕಪ್ಪು ಕವರಿನಲ್ಲಿ ಸುತ್ತಿ ಕೊಟ್ಟ. ಪಾಠದ ಹುಡುಗಿ ಬ್ರೇಕ್ ಹಾಕಿದಾಗೆಲ್ಲ ನನಗೆ ಶಿಕ್ಷೆ. ಕೆಲವೇ ವಾರ ಎನ್ನುತ್ತಾರೆ ಡಾಕ್ಟರ್.

ಸೆಪ್ಟೆಂಬರ್ 4, ಬುಧವಾರ

ಏನು ಮಾಡಿಬಿಟ್ಟೆ.

ಸಂಜೆ ಅವಳು ಸ್ನಾನ ಮಾಡಿ, ಕಳೆದ ಈದ್‌ಗೆ ಕೊಡಿಸಿದ ನೀಲಿ ಡ್ರೆಸ್ ಹಾಕಿಕೊಂಡು ಬಂದು ಪಕ್ಕ ಕೂತಳು. ಬೆನ್ನಿಗೆ ಆಲಿವ್ ಎಣ್ಣೆ ಹಚ್ಚುತ್ತೇನೆ ಎಂದಳು. ಕೈ ಸೊಂಟಕ್ಕೆ ಇಳಿಯಿತು. ಪ್ಯಾಡ್ ಸಿಕ್ಕೀತು ಎಂದು ಕೈ ತಳ್ಳಿಬಿಟ್ಟೆ. ಮೆಲ್ಲಗೆ ಸರಿಸಬಹುದಿತ್ತು. ಜೋರಾಗಿ ತಳ್ಳಿದೆ. ಎಣ್ಣೆ ಬಟ್ಟಲು ನೀಲಿ ಡ್ರೆಸ್ ಮೇಲೆ ಬಿತ್ತು.

ಬಟ್ಟಲು ಎತ್ತಿಟ್ಟಳು. ಆಮೇಲೆ, "ನಾನು ಹಳಸಿ ಹೋದ್ನಾ?"

"ಏನೇನೋ ಮಾತಾಡಬೇಡ."

"ಎರಡು ವಾರದ ಮೇಲಾಯ್ತು. ಸೋಫಾ, ಚಿಲಕ, ನಿಮ್ಮ ಬಟ್ಟೆ ನೀವೇ ಒಗೆಯೋದು. ಕಲ್ಲು ಒಡೆಸಿದವರು ಯಾರೂ ಹಿಂಗಿರಲ್ಲ. ಮದುವೆ ಮಾಡ್ಕೊಂಡಿದ್ದು ತಪ್ಪಾಯ್ತು ಅನ್ನಿಸಿದ್ರೆ ಹೇಳಿ. ತಡ್ಕೋತೀನಿ. ಬೇರೆ ಯಾರಾದ್ರೂ ಇದ್ರೂ ಹೇಳಿ."

"ಸುಮ್ಮನಿರ್ತೀಯಾ?"

"ಇರಲ್ಲ. ಗಂಡಸಾಗಿ ನಿಂತು ಉತ್ತರ ಕೊಡಿ."

ಅವಳಿಗೆ ಗೊತ್ತಿಲ್ಲ ಪಾಪ. ಮಾಮೂಲಿ ಜಗಳದ ಮಾತು. ಆದರೆ ಬಿದ್ದದ್ದು ಎಲ್ಲಿ ಬೀಳಬಾರದೋ ಅಲ್ಲೇ. ತಲಾಖ್ ಎಂದುಬಿಟ್ಟೆ. ಒಂದೇ ಸಲ. ಒಂದೇ ಸಾಕು.

ಹೊರಗೆ ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುತ್ತಿತ್ತು. ಅವಳು ಎದ್ದು ನೆಲದ ಎಣ್ಣೆ ಒರೆಸಿದಳು.

ಸೆಪ್ಟೆಂಬರ್ 8, ಭಾನುವಾರ

ಕೋರ್ಟಿನಲ್ಲಿ ದಾಖಲಾಯಿತು. ಗುಮಾಸ್ತ ಅವಳ ವಯಸ್ಸು ಕೇಳಿ, ಇದ್ದತ್, ಅಂದರೆ ತಲಾಖ್ ಆದ ಮೇಲೆ ಹೆಂಗಸು ಕಾಯಬೇಕಾದ ಅವಧಿ, ಮೂರು ತಿಂಗಳು ಎಂದ. ಆ ಮೂರು ತಿಂಗಳೊಳಗೆ ‘ವಾಪಸ್ ಕರೆದುಕೊಂಡೆ’ ಎಂದು ನಾನು ಒಂದು ಮಾತು ಹೇಳಿದರೆ ಸಾಕು, ಮೊದಲಿನ ಹಾಗೇ ಹೆಂಡತಿ. ಹೊಸ ಮದುವೆ ಬೇಡ, ಯಾರ ಒಪ್ಪಿಗೆಯೂ ಬೇಡ. ಮುಗಿದ ಮೇಲೆ ನನ್ನ ಮಾತಿಗೆ ಬೆಲೆ ಇಲ್ಲ.

ಫವ್ವಾಝ್ ಕರೆದುಕೊಂಡು ಹೋಗಲು ಬಂದಿದ್ದ. ಅವಳು ಹೋಗಲಿಲ್ಲ.

"ಇದ್ದತ್ ಮುಗಿಯೋ ತನಕ ಹೆಂಗಸು ಗಂಡನ ಮನೇಲೇ ಇರಬೇಕು. ಅದು ದೇವರ ಮಾತು. ಇವರ ಮಾತಲ್ಲ" ಎಂದಳು ತಮ್ಮನಿಗೆ. ನನ್ನ ಕಡೆ ತಿರುಗಿ, "ಒಳಗಿನ ರೂಮು ನನಗೆ. ಅಡುಗೆ ಒಂದೇ ಮಾಡ್ತೀನಿ, ಗ್ಯಾಸ್ ದಂಡ ಮಾಡಲ್ಲ."

ಈ ಕಾಲದಲ್ಲಿ ಹಾಗೆ ಯಾರೂ ಇರುವುದಿಲ್ಲ. ಎಲ್ಲ ತವರಿಗೆ ಹೋಗುತ್ತಾರೆ. ಇವಳು ಉಳಿದಳು. ಯಾಕೆ ಉಳಿದಳೆಂದು ನನಗೂ ಗೊತ್ತು, ಫವ್ವಾಝ್‌ಗೂ ಗೊತ್ತು.

ಸೆಪ್ಟೆಂಬರ್ 15, ಭಾನುವಾರ

ನಾಳೆ ಈದ್ ಮಿಲಾದ್. ಸಿಹಿ ತಂದು ಮೇಜಿನ ಮೇಲಿಟ್ಟೆ. ಸಂಜೆಗೆ ಅರ್ಧ ಖಾಲಿ.

ಜಿರೈಸ್ ಅಂಗಡಿಯಲ್ಲಿ ಗೋಡೆ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದೆವು. ಸೆಪ್ಟೆಂಬರ್ ನಾಲ್ಕರಿಂದ ಡಿಸೆಂಬರ್ ನಾಲ್ಕು. ಡಾಕ್ಟರ್ ರಿಪೋರ್ಟ್ ಕೊಡುವುದು ಡಿಸೆಂಬರ್ ಮೂರಕ್ಕೆ. ಒಂದು ದಿನ ಕೈಯಲ್ಲಿದೆ.

"ರಿಪೋರ್ಟ್ ಯಾಕೆ ಬೇಕು? ಇವತ್ತೇ ಹೇಳು. ಒಂದು ಮಾತು ಮಾರಾಯ!" ಎಂದ ಅವನು.

"ಅದು ಇನ್ನೂ ಒಳಗೇ ಇದ್ರೆ? ಇನ್ನೊಬ್ಬನ್ನ ತೊಳೆದು ಮಣ್ಣು ಮಾಡು ಅಂತ ವಾಪಸ್ ಕರೀಲಾ? ಹೋಗಿದೆ ಅಂತ ಗೊತ್ತಾದ್ರೆ ಧೈರ್ಯವಾಗಿ ಹೇಳ್ತೀನಿ. ಎಲ್ಲಾ ಹೇಳ್ತೀನಿ. ಹೋಗಿಲ್ಲ ಅಂದ್ರೆ ಬಿಟ್ಟುಬಿಡ್ತೀನಿ, ಅವಳ ಪಾಡಿಗೆ ಅವಳು ಚೆನ್ನಾಗಿರಲಿ."

ಜಿರೈಸ್ ಗಿರಾಕಿಗೆ ಮಾತ್ರೆ ಎಣಿಸಿಕೊಡುತ್ತ, "ನಿಂಗೆ ಸುಟ್ಟಿದ್ದು ಕೆಳಗಡೆ ಅಂದ್ಕೊಂಡಿದ್ದೆ. ತಲೆಗೂ ತಗಲಿದೆ" ಎಂದ.

ಅಕ್ಟೋಬರ್ 9, ಬುಧವಾರ

ಸೋರುವುದು ನಿಂತು ವಾರವಾಯಿತು. ಧಾರೆ ಚೆನ್ನಾಗಿದೆ. ಯಾರಿಗೆ ಹೇಳಲಿ ಈ ಸಂತೋಷ.

ನೀರು ಬಿಡುವ ದಿನ. ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ಸಿಕ್ಕಿಕೊಂಡು ನೀರು ಹರಿದು ಹೋಗುತ್ತಿತ್ತು. ಇಬ್ಬರೂ ತಾರಸಿಗೆ ಓಡಿದೆವು. ನಾನು ಕೈ ಹಾಕಿ ಎತ್ತಿದೆ, ಅವಳು ತಂತಿ ಕಟ್ಟಿದಳು. ಪೂರ್ತಿ ಒದ್ದೆ. ಅವಳು ನಕ್ಕಳು. ನಾನೂ ನಕ್ಕೆ. ತಕ್ಷಣ ಇಬ್ಬರಿಗೂ ನೆನಪಾಯಿತು. ಅವಳು ಸ್ಕಾರ್ಫ್ ಹಿಂಡಿಕೊಂಡು ಮೊದಲು ಇಳಿದಳು.

ನವೆಂಬರ್ 15, ಶುಕ್ರವಾರ

ಚಳಿ ಶುರು. ಮನೆಯಲ್ಲಿ ಗ್ಯಾಸ್ ಹೀಟರ್ ಒಂದೇ. "ಇಲ್ಲೇ ಕೂತ್ಕೊಳ್ಳಿ, ನೆಗಡಿಯಾದ್ರೆ ನಾನೇ ನೋಡ್ಕೋಬೇಕು" ಎಂದಳು. ಹೀಟರ್‌ನ ಆ ಬದಿ ಅವಳು, ಈ ಬದಿ ನಾನು. ಕಿತ್ತಳೆ ಸುಲಿದು ಸಿಪ್ಪೆ ಹೀಟರ್ ಮೇಲಿಟ್ಟಳು. ಮನೆ ತುಂಬ ಘಮ.

"ನಿಮ್ಮ ಮಗ ಅಕಬಾದಿಂದ ಫೋನ್ ಮಾಡಿದ್ದ. ಅಪ್ಪ ತೆಳ್ಳಗಾಗಿದ್ದಾರಂತೆ, ಯಾಕೆ ಅಂತ ಕೇಳಿದ."

"ಏನಂದೆ?"

"ನನಗೆ ಗೊತ್ತಿಲ್ಲ ಅಂದೆ. ನನಗೇನು ಗೊತ್ತು ನಿಮ್ಮ ವಿಷಯ?"

ಬಾಯಿ ತೆರೆದೆ. ದೇವರಾಣೆ, ಹೇಳಿಬಿಡೋಣ ಎಂದೇ ತೆರೆದೆ. ಅವಳು ನೋಡುತ್ತಿದ್ದಳು. ಕಿತ್ತಳೆ ತೊಳೆ ಹಾಕಿಕೊಂಡೆ.

"ಇನ್ನು ಜಾಸ್ತಿ ದಿನ ಇಲ್ಲ" ಎಂದಳು.

"ಗೊತ್ತು."

"ಗೊತ್ತಿದ್ರೆ ಸರಿ."

ನವೆಂಬರ್ 26, ಮಂಗಳವಾರ

ರಕ್ತ ಕೊಟ್ಟೆ. ಸ್ಕ್ಯಾನ್ ಆಯಿತು. ಕೊಳವೆಯೊಳಗೆ ಮಲಗಿಸಿ ಅರ್ಧ ಗಂಟೆ ಡಬಡಬ ಬಡಿಯುತ್ತದೆ. ಟೆಕ್ನಿಶಿಯನ್ ಮುಖ ನೋಡಿದೆ, ಏನೂ ಗೊತ್ತಾಗಲಿಲ್ಲ.

ಬರುವಾಗ ನೀಲಿ ಬಟ್ಟೆ ಕೊಂಡೆ. ಡ್ರೆಸ್ ಮೇಲಿನ ಎಣ್ಣೆ ಕಲೆ ಹೋಗಿಲ್ಲ. ಕಾರಿನ ಡಿಕ್ಕಿಯಲ್ಲಿದೆ. ಮೂರನೇ ತಾರೀಖಿಗೆ.

ಡಿಸೆಂಬರ್ 1, ಭಾನುವಾರ

ಮಕ್ಲೂಬಾ ಮಾಡಿದ್ದಳು. ಬದನೆಕಾಯಿ, ಕೋಳಿ, ಅನ್ನ ಎಲ್ಲ ಪದರ ಪದರವಾಗಿ ಬೇಯಿಸಿ ಪಾತ್ರೆ ಬೋರಲು ಹಾಕುವುದು. ಮದುವೆಯಾದ ಹೊಸದರಲ್ಲಿ ಪಾತ್ರೆ ಎತ್ತುವ ಕೆಲಸ ನನ್ನದಾಗಿತ್ತು. ಇವತ್ತೂ ‘ಎತ್ತಿ’ ಎಂದಳು. ಎತ್ತಿದೆ. ಗೋಪುರದ ಹಾಗೆ ನಿಂತಿತು.

ಊಟ ಮಾಡುವಾಗ ನನ್ನನ್ನೇ ನೋಡುತ್ತಿದ್ದಳು. "ಏನಾದ್ರೂ ಹೇಳೋದಿದ್ಯಾ?"

"ಬುಧವಾರದೊಳಗೆ ಹೇಳ್ತೀನಿ" ಎಂದೆ. ನಗುತ್ತ ಹೇಳಿದೆ. ಮನಸ್ಸು ಹಗುರವಾಗಿತ್ತು, ಯಾಕೋ ರಿಪೋರ್ಟ್ ಚೆನ್ನಾಗಿರುತ್ತದೆ ಅನ್ನಿಸುತ್ತಿತ್ತು.

ಅವಳ ಮುಖದ ಬಣ್ಣ ಇಳಿಯಿತು. ತಟ್ಟೆ ಎತ್ತಿಕೊಂಡು ಹೋದಳು. ಬುಧವಾರ ಎಂದದ್ದಕ್ಕೆ ಬೇಜಾರೇಕೆ? ಮೂರೇ ದಿನ.

ಡಿಸೆಂಬರ್ 2, ಸೋಮವಾರ

ಪಾಠ ಮುಗಿಸಿ ಸಂಜೆ ಮನೆಗೆ ಬಂದೆ. ಕೆಳಗೆ ಫವ್ವಾಝ್‌ನ ಪಿಕಪ್. ಹಾಲ್‌ನಲ್ಲಿ ಅವಳ ಎರಡು ಪೆಟ್ಟಿಗೆ. ಅವಳು ಕೋಟು ಹಾಕಿಕೊಂಡು ನಿಂತಿದ್ದಾಳೆ.

"ಏನಿದು?"

ಫವ್ವಾಝ್ ಹೇಳಿದ, "ಬಾಂಗ್ ಆಯ್ತಲ್ಲ ಅಬು ವದ್ದಾಹ್. ಇದ್ದತ್ ಮುಗೀತು."

"ಇನ್ನೂ ಎರಡು ದಿನ ಇದೆ. ನಾಲ್ಕನೇ ತಾರೀಖು."

ಅವನು ನನ್ನನ್ನು ನೋಡಿದ. ಅವನಿಗೂ ಪಾಪ ಅನ್ನಿಸಿರಬೇಕು. "ಯಾವ ತಾರೀಖು? ನೀವು ಹೇಳಿದ ಸಂಜೆ ಹೊಸ ಚಂದ್ರ. ಇಪ್ಪತ್ತೊಂಬತ್ತು ಇಲ್ಲಾ ಮೂವತ್ತು ದಿನಕ್ಕೊಂದು ತಿಂಗಳು, ಇವತ್ತಿಗೆ ಮೂರು ಚಂದ್ರ ಆಯ್ತು. ಇದ್ದತ್ ಯಾರಾದ್ರೂ ಆಫೀಸ್ ಕ್ಯಾಲೆಂಡರ್‌ನಲ್ಲಿ ಲೆಕ್ಕ ಹಾಕ್ತಾರಾ?"

ರಂಜಾನ್ ಹಿಡಿಯಲು ತಾರಸಿ ಹತ್ತಿ ಚಂದ್ರನನ್ನು ಹುಡುಕುವವನು ನಾನು. ಸತ್ತವರ ವರ್ಷ, ಹಜ್‌ಗೆ ಹೋದವರ ದಿನ, ಎಲ್ಲ ಚಂದ್ರನ ಲೆಕ್ಕದಲ್ಲೇ ಎಣಿಸುವವನು. ಇದೊಂದನ್ನು ಆಸ್ಪತ್ರೆಯ ತಾರೀಖಿನಲ್ಲಿ ಎಣಿಸಿದೆ. ಮೂರು ತಿಂಗಳಿಂದ ತಲೆಯಲ್ಲಿ ಬೇರೆ ಯಾವ ಲೆಕ್ಕವೂ ಇರಲಿಲ್ಲ. ಜಿರೈಸ್‌ಗೆ ತಿಳಿಯದು, ಅವನು ಕ್ರಿಶ್ಚಿಯನ್. ನನಗೇನಾಗಿತ್ತು?

ಅಲ್ಲೇ ಹೇಳಿದೆ. ಬಾಗಿಲಲ್ಲಿ ನಿಂತು, ತಮ್ಮನ ಎದುರಿಗೇ. ಕಲ್ಲಲ್ಲ, ಕ್ಯಾನ್ಸರ್. ಶಬ್ದದಿಂದ ಸುಟ್ಟಿದ್ದಾರೆ. ಟ್ಯೂಬು ಇತ್ತು, ಚೀಲ ಇತ್ತು, ಅದಕ್ಕೇ ಸೋಫಾ. ಅದಕ್ಕೇ ಕೈ ತಳ್ಳಿದ್ದು. ನಾಳೆ ರಿಪೋರ್ಟ್, ನಾಳೆ ಹೇಳುವವನಿದ್ದೆ. ಮಾತು ತೊದಲುತ್ತಿತ್ತು. ಫವ್ವಾಝ್ ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ.

ಅವಳು ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ತುಂಬ ಹೊತ್ತು ಅತ್ತಳು. ನಾನು ಹತ್ತಿರ ಹೋದೆ. ಕೈ ಎತ್ತಿ ತಡೆದಳು. ಈಗ ನಾನು ಪರಪುರುಷ.

"ಜಿರೈಸ್‌ಗೆ ಗೊತ್ತಿತ್ತು" ಎಂದಳು.

"ಹೂಂ."

"ಆ ಡಾಕ್ಟರ್ ಹುಡುಗೀಗೆ ಗೊತ್ತಿತ್ತು."

"ನೀನು ಮತ್ತೆ ಅದೇ ಕಷ್ಟ ಪಡೋದು ಬೇಡ ಅಂತ..."

"ನನಗೆ ಕಷ್ಟ ಅಂದ್ರೆ ಏನು ಅಂತ ಕೇಳಿದ್ರಾ? ನಾಲ್ಕು ವರ್ಷ ಒಬ್ಬನ್ನ ತೊಳೆದೆ. ಅದು ಕಷ್ಟ ಅಲ್ಲ ಅಬು ವದ್ದಾಹ್. ಕೊನೇ ದಿನದವರೆಗೂ ಆತ ನನ್ನ ಜೊತೆ ಮಾತಾಡ್ತಿದ್ದ. ಈ ಮೂರು ತಿಂಗಳು, ಇದು ಕಷ್ಟ. ದಿನಾ ಕನ್ನಡಿ ನೋಡ್ಕೊಂಡೆ, ನನ್ನಲ್ಲಿ ಏನು ಕೆಟ್ಟಿದೆ ಅಂತ. ನೆನ್ನೆ ಬೋರಲು ಹಾಕೋವಾಗ್ಲೂ ಕಾದೆ. ನೀವು ಬುಧವಾರ ಅಂದ್ರಿ. ಮುಗಿದ ಮೇಲೆ ಹೇಳ್ತೀನಿ ಅಂದ್ರಿ, ನಗ್ತಾ ಅಂದ್ರಿ. ಬೇಕಂತಲೇ ಅಂದ್ಕೊಂಡೆ."

"ಹೊಸದಾಗಿ ಮದುವೆ ಆಗೋಣ. ಈಗಲೇ ಬರ್ತೀನಿ ಖಾಜಿ ಹತ್ರ. ಇನ್ಸಾಫ್..."

"ಇವತ್ತು ಕೇಳಬೇಡಿ. ಬೇಡ ಅಂತೀನಿ."

ಪೆಟ್ಟಿಗೆ ನಾನೇ ಎತ್ತಿಕೊಂಡು ಹೋಗಿ ಪಿಕಪ್‌ನಲ್ಲಿಟ್ಟೆ. ಭಾರ ಎತ್ತಬಾರದು ಎಂದು ಅವಳು ಬೈದಳು. ಆಪರೇಶನ್ ಆದವರು ಎತ್ತಬಾರದು ಎಂದು, ಅಳುತ್ತಲೇ. ಅದನ್ನು ಬೈಯುವ ಹಕ್ಕು ಇವಳಿಗೆ ಮೊದಲ ದಿನವೇ ಕೊಟ್ಟಿದ್ದರೆ ಏನು ಹೋಗುತ್ತಿತ್ತು ನನಗೆ.

ಡಿಸೆಂಬರ್ 3, ಮಂಗಳವಾರ

ರಕ್ತದಲ್ಲಿ ಆ ಕಾಯಿಲೆಯ ಅಂಕಿ ಏಳೂಮುಕ್ಕಾಲು ಇದ್ದದ್ದು ಒಂದೂಚಿಲ್ಲರೆಗೆ ಇಳಿದಿದೆ. ಸ್ಕ್ಯಾನ್‌ನಲ್ಲಿ ಸುಟ್ಟ ಜಾಗದಲ್ಲಿ ಏನೂ ಕಾಣುತ್ತಿಲ್ಲ.

"ಪೂರ್ತಿ ಹೋಯ್ತಾ?" ಎಂದೆ.

"ಈಗಂತೂ ಕಾಣ್ತಿಲ್ಲ ಚಿಕ್ಕಪ್ಪಾ. ಮುಂದೆ ಬರಲ್ಲ ಅಂತ ಯಾರೂ ಬರ್ಕೊಡಲ್ಲ. ಆಗಾಗ ಪರೀಕ್ಷೆ ಮಾಡ್ತಾ ಇರೋಣ. ವರ್ಷಗಟ್ಟಲೆ. ಮನೆಯವರಿಗೆ ಸಿಹಿ ಕೊಡಿಸಿ ಇವತ್ತು."

ಈ ಕಾಗದಕ್ಕೆ ಕಾದೆ. ನೋಡ್ತಾ ಇರೋಣ ಎನ್ನುವ ಕಾಗದಕ್ಕೆ.

ಡಿಸೆಂಬರ್ 14, ಶನಿವಾರ

ಬೆಳಿಗ್ಗೆ ಒಂದು ಸಲ. ಧಾರೆ ಸರಿ.

ಇವತ್ತು ಅವಳೇ ಫೋನ್ ಮಾಡಿದಳು. ಹನ್ನೆರಡು ದಿನಕ್ಕೆ ಮೊದಲ ಸಲ.

"ರಿಪೋರ್ಟ್ ಏನು ಬಂತು?"

"ಚೆನ್ನಾಗಿದೆ. ಕಾಣ್ತಿಲ್ಲ ಅಂದ್ರು."

ದೇವರಿಗೆ ಸ್ತುತಿ ಎಂದಳು. ಸಾವರಿಸಿಕೊಂಡು ಕೇಳಿದಳು, "ನಿದ್ದೆ ಬರುತ್ತಾ?"

"ಬರುತ್ತೆ."

"ಊಟ?"

"ಆಯ್ತು."

"ಒಬ್ಬರಿಗೇ ಕಷ್ಟ ಆಗ್ತಿಲ್ವಾ?"

"ಏನಿಲ್ಲ. ಆರಾಮಾಗಿದೀನಿ."

ಆ ಕಡೆ ಉಸಿರು ಮಾತ್ರ ಕೇಳಿಸುತ್ತಿತ್ತು. ಕಾದಳು. ಆಮೇಲೆ, "ಸರಿ ಹಂಗಾದ್ರೆ" ಎಂದು ಇಟ್ಟಳು.

ಇಟ್ಟ ಮೇಲೆ ಹೊಳೆಯಿತು. ಅವಳು ಫೋನ್ ಮಾಡಿದ್ದು ರಿಪೋರ್ಟ್ ಕೇಳಲು ಅಲ್ಲ. ಈ ಮೂರು ಪ್ರಶ್ನೆ ಕೇಳಲು. ಒಂದಕ್ಕಾದರೂ ನಿಜ ಹೇಳುತ್ತಾನಾ ಎಂದು.

ಮೂರಕ್ಕೂ ಸುಳ್ಳು ಹೇಳಿದೆ. ನಾಲ್ಕು ದಿನದಿಂದ ಬ್ರೆಡ್ಡು, ಚಹಾ. ಅವಳ ರೂಮಿನ ಬಾಗಿಲಲ್ಲಿ ಕೂತು ಬೆಳಗು ಮಾಡುತ್ತೇನೆ. ಆರಾಮಾಗಿದ್ದೇನಂತೆ!

ಈಗಲೇ ಫೋನ್ ಮಾಡಬೇಕು. ನಿದ್ದೆ ಇಲ್ಲ, ಊಟ ಇಲ್ಲ, ನೀನಿಲ್ಲದೆ ಆಗುತ್ತಿಲ್ಲ. ಇಷ್ಟೇ. ಮೊದಲು ಇಲ್ಲಿ ಬರೆದುಕೊಂಡರೆ ಬಾಯಿಗೆ ಬಂದೀತು. ಇನ್ಸಾಫ್, ನನಗೆ... ಇಲ್ಲ, ಬರೆದದ್ದು ಸಾಕು. ಫೋನ್ ಎತ್ತಿಕೊಂಡೆ.